ಕಾಣೆಯಾದ ಆರು ಅಕ್ಷರಗಳು

೨೦೨೧ನೆಯ ಇಸವಿಯ ನವೆಂಬರ್ ತಿಂಗಳು. ದಕ್ಷಿಣ ಆಫ್ರಿಕದ ಜೊಹಾನೆಸ್‌ಬರ್ಗ್ ನಗರದಲ್ಲಿ ಆಗ ಬೇಸಗೆ ಕಾಲಿಡುತ್ತಿದ್ದಿತು. ಕೊರೋನಾ ಜಾಡ್ಯದ ಮೂರನೆಯ ಅಲೆ ಇಳಿದು, ಆಸ್ಪತ್ರೆಗಳ ಹಾಸಿಗೆಗಳು ತೆರವಾಗಿ, ಜನರು ತುಸು ನೆಮ್ಮದಿಯಿಂದ ಉಸಿರಾಡುತ್ತಿದ್ದ ಕಾಲವದು. ಲ್ಯಾನ್ಸೆಟ್ ಎಂಬ ಖಾಸಗಿ ಪ್ರಯೋಗಶಾಲೆಗೆ ಮೂಗು-ಗಂಟಲಿನ ದ್ರವದ ಮಾದರಿಗಳು ದಿನವೂ ಬರುತ್ತಿದ್ದುವು. ಪರೀಕ್ಷೆಯೂ ಎಂದಿನಂತೆ ನಡೆಯುತ್ತಿದ್ದಿತು. ಅಂಥ ನಿಶ್ಚಿಂತೆಯ ದಿನಗಳಲ್ಲಿ ಯಂತ್ರದ ಫಲಿತಾಂಶದಲ್ಲಿ ಒಂದು ಸಣ್ಣ ಕುಂದು ಕಾಣಿಸಿಕೊಂಡಿತು. ಮೂರು ಗುರುತುಗಳು ಮೂಡಬೇಕಾದೆಡೆಯಲ್ಲಿ ಕೆಲವು ಮಾದರಿಗಳಿಗೆ ಎರಡೇ ಮೂಡಿದುವು. ಮೂರನೆಯದು ಮೂಡಲೇ ಇಲ್ಲ.

ಆತುರದ ಮನುಷ್ಯನಾಗಿದ್ದರೆ ಯಂತ್ರದ ದೋಷವೆಂದೋ, ಮದ್ದಿನ ದೋಷವೆಂದೋ ಬಗೆದು ಮುಂದಿನ ಮಾದರಿಯನ್ನು ಕೈಗೆತ್ತಿಕೊಳ್ಳುತ್ತಿದ್ದನು. ಎರಡು ಗುರುತು ಸಾಲದೆ? ರೋಗವಿದೆಯೆಂಬುದಂತೂ ನಿಶ್ಚಯವಾಯಿತಲ್ಲ! ಆದರೆ ಆ ಪ್ರಯೋಗಶಾಲೆಯ ವಿಜ್ಞಾನ ವಿಭಾಗದ ಮುಖ್ಯಸ್ಥೆ ರಾಕೆಲ್ ವಿಯಾನಾ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಹಾಗೆ ಬಿಡಲಿಲ್ಲ. ಇದ್ದ ಎರಡಕ್ಕಿಂತ ಇಲ್ಲದ ಒಂದೇ ಅವರ ಗಮನವನ್ನು ಸೆಳೆಯಿತು. ಮುಂದೆ ಜಗತ್ತೆಲ್ಲವೂ 'ಓಮಿಕ್ರಾನ್' ಎಂದು ಕರೆದ ವೈರಸ್ ತಳಿ ಸಿಕ್ಕಿಬಿದ್ದುದು ಹೀಗೆ, ಕಾಣೆಯಾದ ಆರು ಅಕ್ಷರಗಳ ಜಾಡು ಹಿಡಿದು ಹೋದುದರಿಂದ.

ಈ ಪರೀಕ್ಷೆಯ ಬಗೆಯನ್ನು ಸ್ವಲ್ಪ ಅರಿತುಕೊಂಡಲ್ಲದೆ ಮುಂದಿನ ಕಥೆಯ ಸ್ವಾರಸ್ಯ ತಿಳಿಯದು. ಕೊರೋನಾ ವೈರಸ್ಸೆಂಬುದು ಕೊಬ್ಬಿನ ಹೊದಿಕೆಯೊಳಗೆ ಸುತ್ತಿಟ್ಟ ಒಂದು ಬರಹ. ಆರ್.ಎನ್.ಎ. ಎಂಬ ಸೂಕ್ಷ್ಮವಾದ ಎಳೆಯ ಮೇಲೆ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಗ್ರಂಥವೆಂದರೂ ಸಲ್ಲುತ್ತದೆ. ವುಹಾನ್ ನಗರದಲ್ಲಿ ಮೊದಲು ದೊರೆತ ಪ್ರತಿಯಲ್ಲಿ ಒಟ್ಟು ಅಕ್ಷರಗಳು ೨೯,೯೦೩. ಅಕ್ಷರಗಳ ಈ ಇಡೀ ಸಾಲಿಗೆ ವಿಜ್ಞಾನಿಗಳು ಜೀನೋಮ್ ಎಂದು ಹೆಸರಿಟ್ಟಿದ್ದಾರೆ. ನಮಗೆಲ್ಲ ಈಗ ಚಿರಪರಿಚಿತವಾಗಿರುವ ಪಿ.ಸಿ.ಆರ್. ಪರೀಕ್ಷೆ ಈ ಗ್ರಂಥವನ್ನು ಆದ್ಯಂತವಾಗಿ ಓದುವುದಿಲ್ಲ. ಮೊದಲೇ ಗೊತ್ತುಮಾಡಿಟ್ಟ ಎರಡು ಮೂರು ಸಾಲುಗಳನ್ನು ಮಾತ್ರ ಹುಡುಕುತ್ತದೆ. ಸಿಕ್ಕಿದರೆ ಅವನ್ನು ಕೋಟಿಗಟ್ಟಲೆ ನಕಲು ಮಾಡಿ ಬೆಳಕಿನ ರೂಪದಲ್ಲಿ ತೋರಿಸುತ್ತದೆ. ತಲೆಬರಹವೂ ಕವಿನಾಮವೂ ಇಲ್ಲದ ಓಲೆಯ ಕಟ್ಟೊಂದು ಕೈಗೆ ಬಂದಾಗ, ವಿದ್ವಾಂಸನು ತನಗೆ ಕಂಠಸ್ಥವಾಗಿರುವ ಎರಡು ಪದ್ಯಗಳಿಗಾಗಿ ಕಣ್ಣಾಡಿಸಿ, ಸಿಕ್ಕೊಡನೆ ಇದು ಇಂಥ ಕಾವ್ಯವೆಂದು ಹೇಳಿಬಿಡುವುದಿಲ್ಲವೆ? ಹಾಗೆ. ಜೊಹಾನೆಸ್‌ಬರ್ಗಿನಲ್ಲಿ ಬಳಸುತ್ತಿದ್ದ ಪರೀಕ್ಷೆ ಮೂರು ಸಾಲುಗಳನ್ನು ಹುಡುಕುವಂಥದು. ಅವುಗಳಲ್ಲೊಂದು ವೈರಸ್ಸಿನ ಮೈಮೇಲಿನ ಮುಳ್ಳುಗಳನ್ನು ಕಟ್ಟುವ ಭಾಗಕ್ಕೆ ಸೇರಿದ್ದಿತು. ಮೂಡದೆ ಹೋದುದು ಆ ಮುಳ್ಳಿನ ಸಾಲೇ.

ಸಾಲು ಸಿಕ್ಕಲಿಲ್ಲವೆಂದರೆ ಅರ್ಥವೇನು? ಹಳೆಯ ಓಲೆಗರಿಗಳ ಪರಿಚಯವಿದ್ದವರಿಗೆ ಉತ್ತರ ಕಷ್ಟವಲ್ಲ. ಲಿಪಿಕಾರನು ನಕಲು ಮಾಡುವಾಗ ಅಕ್ಷರ ಬಿಟ್ಟಿದ್ದಾನೆ. ನಮ್ಮ ನಾಡಿನ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಕೈಮುಗಿದು ಬೇಡಿಕೊಳ್ಳುತ್ತಿದ್ದರು. ವೈರಸ್ಸಿಗೆ ಅಂಥ ವಿನಯವಿಲ್ಲ. ಅದು ಮನುಷ್ಯನ ಜೀವಕೋಶದೊಳಕ್ಕೆ ನುಗ್ಗಿ ತನ್ನ ಗ್ರಂಥವನ್ನು ಲೆಕ್ಕವಿಲ್ಲದಷ್ಟು ಪ್ರತಿಮಾಡಿಸುತ್ತದೆ. ಪ್ರತಿಮಾಡುವಾಗ ತಪ್ಪುಗಳು ನುಸುಳುತ್ತವೆ. ಬಹುಪಾಲು ತಪ್ಪುಗಳು ವೈರಸ್ಸನ್ನೇ ಕೆಡಿಸುತ್ತವೆ, ಇಲ್ಲವೆ ಏನನ್ನೂ ಮಾಡುವುದಿಲ್ಲ. ಎಲ್ಲೋ ಒಂದು ತಪ್ಪು ಮಾತ್ರ ಅದಕ್ಕೆ ವರವಾಗಿ ಪರಿಣಮಿಸುತ್ತದೆ. ಹೆಚ್ಚು ವೇಗವಾಗಿ ಹರಡುವ ಬಲವನ್ನೋ, ಲಸಿಕೆಯಿಂದ ಮೈಯಲ್ಲಿ ಹುಟ್ಟಿದ ರಕ್ಷಣೆಯಿಂದ ನುಣುಚಿಕೊಳ್ಳುವ ಚಾತುರ್ಯವನ್ನೋ ಅದು ಕೊಡುತ್ತದೆ. ಅಂಥ ಪ್ರತಿ ಉಳಿದವನ್ನು ಹಿಂದಿಕ್ಕಿ ಊರನ್ನೇ ಆವರಿಸುತ್ತದೆ.

ಎಲ್ಲ ವೈರಸ್ಸುಗಳೂ ಒಂದೇ ಬಗೆಯ ಅಜಾಗರೂಕ ಲಿಪಿಕಾರರಲ್ಲ. ಇನ್‌ಫ್ಲುಯೆಂಜಾ ಜ್ವರದ ವೈರಸ್ಸಿಗೂ, ಏಡ್ಸ್ ತರುವ ಎಚ್.ಐ.ವಿ.ಗೂ ಬರೆದುದನ್ನು ಮತ್ತೆ ನೋಡಿ ತಿದ್ದುವ ಅಭ್ಯಾಸವೇ ಇಲ್ಲ. ಆದುದರಿಂದಲೇ ಇನ್‌ಫ್ಲುಯೆಂಜಾ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆ ಎರಡು ಸಲ ಕುಳಿತು ಹೊಸದಾಗಿ ನಿರ್ಧರಿಸಬೇಕಾಗಿದೆ. ಕೊರೋನಾ ವೈರಸ್ಸಿನಲ್ಲಾದರೋ ಕರಡು ತಿದ್ದುವ ಒಂದು ಅಂಗವಿದೆ. ಆ ಕಾರಣದಿಂದ ಅದರ ಒಂದೊಂದು ವಂಶದಲ್ಲಿಯೂ ತಿಂಗಳಿಗೆ ಸುಮಾರು ಎರಡು ಅಕ್ಷರಗಳು ಮಾತ್ರ ಬದಲಾಗಿ ನೆಲೆನಿಲ್ಲುತ್ತವೆ. ಎರಡು ಅಕ್ಷರವೆಂದರೆ ಅಲ್ಪವೆನಿಸಬಹುದು. ಆದರೆ ಕೋಟ್ಯಂತರ ಮೈಗಳಲ್ಲಿ ಏಕಕಾಲಕ್ಕೆ ನಕಲು ನಡೆಯುತ್ತಿರುವಾಗ ಆ ಅಲ್ಪವೇ ಅನಲ್ಪವಾಗುತ್ತದೆ.

ಆದಕಾರಣ ಬದಲಾಗುತ್ತಲೇ ಇರುವ ವೈರಸ್ಸಿನ ವಿಷಯದಲ್ಲಿ ಎರಡು ಮೂರು ಸಾಲುಗಳ ಪರಿಚಯ ಸಾಲದು. ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಅಕ್ಷರ ಅಕ್ಷರವಾಗಿ ಓದಬೇಕು. ಈ ಓದನ್ನೇ ವಿಜ್ಞಾನಿಗಳು ಜೀನೋಮ್ ಸೀಕ್ವೆನ್ಸಿಂಗ್ ಎನ್ನುತ್ತಾರೆ. ವೈರಸ್ಸೊಂದರ ಆರ್.ಎನ್.ಎ. ಲಿಪಿಯನ್ನು ಪೂರ್ತಿಯಾಗಿ ಓದಿದ್ದು ೧೯೭೬ರಲ್ಲಿ, ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ, ವಾಲ್ಟರ್ ಫಿಯರ್ಸ್ ಎಂಬವರ ತಂಡ. ಬ್ಯಾಕ್ಟೀರಿಯವನ್ನು ಹಿಡಿಯುವ ಆ ಪುಟ್ಟ ವೈರಸ್ಸಿನಲ್ಲಿ ಇದ್ದುದು ೩,೫೬೯ ಅಕ್ಷರಗಳು; ಓದಲು ಹಿಡಿದುದು ವರ್ಷಗಳು. ಮರುವರ್ಷವೇ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಅವರು ಡಿ.ಎನ್.ಎ. ಲಿಪಿಯನ್ನು ಸುಲಭವಾಗಿ ಓದುವ ಹೊಸ ವಿಧಾನವನ್ನು ಪ್ರಕಟಿಸಿದರು. ೧೯೮೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅದು ಅವರ ಎರಡನೆಯ ನೊಬೆಲ್ ಪಾರಿತೋಷಕವೆಂಬುದನ್ನೂ ಇಲ್ಲಿ ನೆನೆಯಬಹುದು.

ಇಂದಿನ ಯಂತ್ರಗಳ ಕ್ರಮವೇ ಬೇರೆ. ಮೊದಲು ಆರ್.ಎನ್.ಎ. ಬರಹವನ್ನು ಡಿ.ಎನ್.ಎ. ಆಗಿ ನಕಲುಮಾಡುತ್ತಾರೆ. ಬಳಿಕ ಆ ನಕಲುಗಳನ್ನು ನೂರಾರು ಅಕ್ಷರಗಳ ತುಂಡುಗಳಾಗಿ ಪಡೆದು, ಲಕ್ಷಾಂತರ ತುಂಡುಗಳನ್ನು ಒಟ್ಟಿಗೆ ಓದುತ್ತಾರೆ. ಒಂದೊಂದು ಅಕ್ಷರಕ್ಕೂ ಒಂದೊಂದು ಬಣ್ಣದ ಬೆಳಕು; ಆ ಬೆಳಕನ್ನು ಯಂತ್ರದ ಕ್ಯಾಮೆರಾ ಹಿಡಿಯುತ್ತದೆ. ಕೊನೆಗೆ ಗಣಕಯಂತ್ರವು ತುಂಡಿನ ತುದಿಗೆ ತುಂಡಿನ ತುದಿಯನ್ನು ಹೊಂದಿಸಿ ಇಡೀ ಗ್ರಂಥವನ್ನು ಹೊಲಿಯುತ್ತದೆ. ಒಂದೇ ಕಾವ್ಯದ ಹತ್ತಾರು ಪ್ರತಿಗಳು ಹರಿದು ಚೂರಾಗಿ ಒಂದು ಪೆಟ್ಟಿಗೆಯಲ್ಲಿ ಬಿದ್ದಿದ್ದರೆ, ತಾಳ್ಮೆಯುಳ್ಳವನು ಒಂದು ಚೂರಿನ ಕೊನೆಯ ಸಾಲು ಇನ್ನೊಂದರ ಮೊದಲ ಸಾಲಿಗೆ ಕೂಡುವುದನ್ನು ನೋಡಿ ನೋಡಿ ಕಾವ್ಯವನ್ನು ಪೂರ್ತಿಗೊಳಿಸುವುದಿಲ್ಲವೆ? ಇನ್ನೊಂದು ಬಗೆಯ ಯಂತ್ರ ಇದಕ್ಕಿಂತಲೂ ಸೋಜಿಗದ್ದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅತ್ಯಂತ ಸೂಕ್ಷ್ಮವಾದ ರಂಧ್ರವೊಂದರ ಮೂಲಕ ಎಳೆಯನ್ನು ನುಸುಳಿಸಿದರೆ, ಒಂದೊಂದು ಅಕ್ಷರ ದಾಟುವಾಗಲೂ ವಿದ್ಯುತ್ ಪ್ರವಾಹದಲ್ಲಿ ಒಂದೊಂದು ಬಗೆಯ ಏರಿಳಿತ. ಆ ಏರಿಳಿತವೇ ಓದು. ೨೦೧೫ರಲ್ಲಿ ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿ ಎಬೋಲಾ ರೋಗ ಹಬ್ಬಿದ್ದಾಗ ಇಂಥ ಯಂತ್ರಗಳನ್ನು ವಿಮಾನದ ಸಾಮಾನ್ಯ ಪ್ರಯಾಣಿಕರ ಪೆಟ್ಟಿಗೆಯಲ್ಲಿಯೇ ಸಾಗಿಸಿ, ಅಲ್ಲಿಯೇ ೧೪೨ ಮಾದರಿಗಳನ್ನು ಓದಿದರು. ಮಾದರಿಯನ್ನು ಖಂಡಾಂತರಕ್ಕೆ ಕಳುಹಿಸಿ ತಿಂಗಳುಗಟ್ಟಲೆ ಕಾಯುವ ಕಾಲ ಅಂದಿಗೆ ಮುಗಿಯಿತೆನ್ನಬಹುದು.

ಓದಿನ ಬೆಲೆ ಎಂಥದೆಂಬುದು ಕೊರೋನಾ ಕಥೆಯ ಮೊದಲ ಪುಟದಲ್ಲಿಯೇ ಕಾಣುತ್ತದೆ. ೨೦೨೦ನೆಯ ಜನವರಿ ೩ರಂದು ವುಹಾನಿನ ರೋಗಿಯೊಬ್ಬನ ಮಾದರಿ ಶಾಂಘೈ ನಗರದ ಪ್ರೊಫೆಸರ್ ಝಾಂಗ್ ಯೊಂಗ್‌ಝೆನ್ ಅವರ ಕೈಸೇರಿತು. ಎರಡು ದಿನಗಳಲ್ಲಿ ಅವರ ತಂಡ ವೈರಸ್ಸನ್ನು ಪೂರ್ತಿಯಾಗಿ ಓದಿ ಮುಗಿಸಿತು. ಅದನ್ನು ಪ್ರಕಟಿಸುವ ವಿಚಾರದಲ್ಲಿ ಕೆಲವು ದಿನ ತಡವಾಯಿತು. ಜನವರಿ ೧೧ರಂದು ಅವರ ಒಪ್ಪಿಗೆ ಪಡೆದು, ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾನಿಲಯದ ಎಡ್ವರ್ಡ್ ಹೋಮ್ಸ್ ಅವರು ಅದನ್ನು ಅಂತರ್ಜಾಲದಲ್ಲಿ ಜಗತ್ತಿನ ಮುಂದಿಟ್ಟರು. ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯ ತಜ್ಞರು ರೂಪಿಸಿದ ಪರೀಕ್ಷೆಯ ವಿವರವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ್ದು ಜನವರಿ ೧೩ರಂದು. ವೈರಸ್ಸಿನ ಒಂದು ಕಣವೂ ಕೈಯಲ್ಲಿಲ್ಲದೆ, ಅದರ ಬರಹ ಮಾತ್ರದಿಂದ ಪರೀಕ್ಷೆ ಸಿದ್ಧವಾಗುವುದು ಸಾಧ್ಯವಾಯಿತು. ಲಸಿಕೆಗಳ ಕೆಲಸವೂ ಅದೇ ಬರಹದಿಂದ ಮೊದಲಾಯಿತು. ಝಾಂಗ್ ಅವರಿಗೆ ದೊರೆತ ಪ್ರತಿಫಲವೇನು? ಮರುದಿನವೇ ಅವರ ಪ್ರಯೋಗಶಾಲೆಯನ್ನು 'ಸರಿಪಡಿಸುವಿಕೆ'ಗಾಗಿ ಮುಚ್ಚುವಂತೆ ಅಧಿಕಾರಿಗಳಿಂದ ಆದೇಶ ಬಂದಿತು. ಓದಿ ಹೇಳಿದವನಿಗೆ ಪೆಟ್ಟು ಬೀಳುವುದು ಈ ಕಥೆಯಲ್ಲಿ ಅದೇ ಕೊನೆಯಲ್ಲ.

ಆರು ಅಕ್ಷರಗಳ ವಿಚಾರಕ್ಕೆ ಮರಳೋಣ. ಅವು ಮೊದಲು ಸುದ್ದಿಮಾಡಿದ್ದು ೨೦೨೦ರ ಕೊನೆಯಲ್ಲಿ, ಇಂಗ್ಲೆಂಡಿನಲ್ಲಿ. ಕೆಂಟ್ ಪ್ರಾಂತ್ಯದಲ್ಲಿ ಸೋಂಕು ಏಕೆ ಇಳಿಯುತ್ತಿಲ್ಲವೆಂದು ಹುಡುಕುತ್ತಿದ್ದವರಿಗೆ, ಮುಂದೆ 'ಆಲ್ಫಾ' ಎಂದು ಹೆಸರಾದ ತಳಿ ದೊರೆಯಿತು. ಅದರ ಮುಳ್ಳಿನ ಭಾಗದಲ್ಲಿ ಒಂದೆಡೆ ಆರು ಅಕ್ಷರಗಳು ಬಿಟ್ಟುಹೋಗಿದ್ದುವು. ಮೂರು ಸಾಲುಗಳ ಪರೀಕ್ಷೆಯಲ್ಲಿ ಮುಳ್ಳಿನ ಸಾಲು ಮೂಡದಿರುವುದಕ್ಕೆ ಅದೇ ಕಾರಣ. ಪ್ರತಿಯೊಂದು ಮಾದರಿಯನ್ನೂ ಪೂರ್ತಿ ಓದಲು ಹಣವೂ ಬೇಕು, ಕೆಲವು ದಿನಗಳೂ ಬೇಕು, ಪಿ.ಸಿ.ಆರ್. ಪರೀಕ್ಷೆಗೆ ಕೆಲವು ಗಂಟೆ ಸಾಕು. ಆದುದರಿಂದ ಆಂಗ್ಲ ವಿಜ್ಞಾನಿಗಳು ಜಾಣತನದ ಒಂದು ದಾರಿ ಹಿಡಿದರು. ಎಲ್ಲಿ ಮೂರನೆಯ ಗುರುತು ಕಾಣೆಯೋ ಅಲ್ಲಿ ಆಲ್ಫಾ ಇದೆಯೆಂದು ತಿಳಿದು ಲೆಕ್ಕವಿಟ್ಟರು. ಪರೀಕ್ಷೆಯ ಸೋಲೇ ಹೀಗೆ ಪರೀಕ್ಷೆಯ ಗೆಲವಾಯಿತು. ಎರಡು ಸಾಲುಗಳಾದರೂ ಮೂಡುತ್ತಿದ್ದುದರಿಂದ ರೋಗಿಯು ಕೈತಪ್ಪಿ ಹೋಗಲಿಲ್ಲವೆಂಬುದನ್ನು ಮರೆಯಬಾರದು. ಮುಳ್ಳಿನ ಸಾಲೊಂದನ್ನೇ ನಂಬಿದ ಪರೀಕ್ಷೆಯಾಗಿದ್ದರೆ, ರೋಗವಿದ್ದವನನ್ನು ನಿರೋಗಿಯೆಂದು ಹೇಳಿ ಮನೆಗೆ ಕಳುಹಿಸುತ್ತಿದ್ದಿತು.

೨೦೨೧ರಲ್ಲಿ ಆಲ್ಫಾವನ್ನು ನೂಕಿ 'ಡೆಲ್ಟಾ' ತಳಿ ಜಗತ್ತನ್ನಾಕ್ರಮಿಸಿತು. ಭಾರತವು ಆ ವರ್ಷದ ಏಪ್ರಿಲ್-ಮೇ ತಿಂಗಳುಗಳಲ್ಲಿ ಅನುಭವಿಸಿದ ಸಂಕಟವನ್ನು ಯಾರೂ ಮರೆತಿರಲಾರರು. ಡೆಲ್ಟಾದಲ್ಲಿ ಆ ಆರು ಅಕ್ಷರಗಳು ಸ್ವಸ್ಥಾನದಲ್ಲಿಯೇ ಇದ್ದುವು. ಮೂರು ಗುರುತುಗಳೂ ಮೂಡುತ್ತಿದ್ದುವು. ಆದಕಾರಣ ನವೆಂಬರಿನಲ್ಲಿ ಜೊಹಾನೆಸ್‌ಬರ್ಗಿನ ಯಂತ್ರದಲ್ಲಿ ಮೂರನೆಯ ಗುರುತು ಕಾಣೆಯಾದಾಗ ಅರ್ಥ ಸ್ಪಷ್ಟವಾಗಿದ್ದಿತು: ಇದು ಡೆಲ್ಟಾ ಅಲ್ಲ. ಹಾಗಾದರೆ ಮತ್ತಾವುದು?

ನವೆಂಬರ್ ೧೯ರಂದು ವಿಯಾನಾ ಅವರು ಎಂಟು ಮಾದರಿಗಳನ್ನು ಪೂರ್ತಿಯಾಗಿ ಓದಿಸಿದರು. ಕಂಡದ್ದನ್ನು ಅವರು ತಾವೇ ನಂಬಲಾರದೆ ಹೋದರು. ಎಂಟರಲ್ಲಿಯೂ ಬದಲಾವಣೆಗಳ ರಾಶಿ. ಮುಳ್ಳಿನ ಭಾಗವೊಂದರಲ್ಲಿಯೇ ಮೂವತ್ತಕ್ಕೂ ಹೆಚ್ಚು. ಕೆಲಸದಲ್ಲಿ ಎಲ್ಲಿಯೋ ಪ್ರಮಾದವಾಗಿರಬೇಕೆಂಬ ಸಂಶಯ ಮೊದಲು ತಲೆದೋರಿತು. ಬಳಿಕ ಕಂಡುದು ನಿಜವಾಗಿದ್ದರೆ ಎಂಬ ಭೀತಿ. ಅವರು ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯಲ್ಲಿದ್ದ ತಮ್ಮ ಪರಿಚಿತರಿಗೆ ದೂರವಾಣಿ ಮಾಡಿದರು. ಆ ಸಂಸ್ಥೆಯವರು ಶನಿವಾರ ಭಾನುವಾರಗಳೆನ್ನದೆ ದುಡಿದು ಆ ಎಂಟನ್ನು ಮತ್ತೆ ಓದಿದರು. ಸುತ್ತಣ ಊರುಗಳಿಂದ ಇನ್ನೂ ಮೂವತ್ತೆರಡು ಮಾದರಿಗಳನ್ನು ತರಿಸಿ ಓದಿದರು. ನವೆಂಬರ್ ೨೩ರ ಹೊತ್ತಿಗೆ ಸಂಶಯಕ್ಕೆ ಎಡೆಯುಳಿಯಲಿಲ್ಲ.

ಅದೇ ವಾರ ನೆರೆಯ ಬೋಟ್ಸ್‌ವಾನ ದೇಶದ ರಾಜಧಾನಿ ಗಾಬೊರೋನ್‌ನಲ್ಲಿ ಸಿಖುಲಿಲೆ ಮೋಯೋ ಎಂಬ ವಿಜ್ಞಾನಿ, ಬೇರೆಯಾಗಿಯೇ, ತಮ್ಮ ಮೇಜಿನ ಮೇಲೆ ಇಂಥದೇ ಒಗಟನ್ನು ಬಿಡಿಸುತ್ತ ಕುಳಿತಿದ್ದರು. ನವೆಂಬರ್ ೧೧ರಂದು ಪರದೇಶದ ನಾಲ್ವರು ಪ್ರಯಾಣಿಕರಿಂದ ತೆಗೆದ ಮಾದರಿಗಳ ಓದು ಹಿಂದೆ ಬಂದ ಯಾವ ತಳಿಗೂ ಹೊಂದುತ್ತಿರಲಿಲ್ಲ. ಅವರು ಅದನ್ನು ನವೆಂಬರ್ ೨೩ರಂದು, ವೈರಸ್ಸುಗಳ ಬರಹಗಳನ್ನು ದೇಶದೇಶಗಳವರು ಕೂಡಿಡುವ ಜಿಸೈಡ್ ಎಂಬ ಸಾರ್ವತ್ರಿಕ ಭಂಡಾರಕ್ಕೆ ಸೇರಿಸಿದರು. ಎರಡು ದೇಶಗಳ ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದೇ ಎಂಬುದು ಸ್ಥಿರಪಟ್ಟಿತು. ೨೫ರಂದು ದಕ್ಷಿಣ ಆಫ್ರಿಕದ ತುಲಿಯೊ ಡಿ ಒಲಿವೇರಾ ಅವರು ಪತ್ರಕರ್ತರ ಮುಂದೆ ಕುಳಿತು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ೨೬ರಂದು ವಿಶ್ವ ಆರೋಗ್ಯ ಸಂಸ್ಥೆ ಗ್ರೀಕ್ ಅಕ್ಷರಮಾಲೆಯಿಂದ ಅದಕ್ಕೆ 'ಓಮಿಕ್ರಾನ್' ಎಂಬ ಹೆಸರಿಟ್ಟಿತು. ಎಂಟು ಮಾದರಿಗಳ ಓದಿನಿಂದ ನಾಮಕರಣದವರೆಗೆ ಒಟ್ಟು ಒಂದು ವಾರ.

ಇಷ್ಟು ತ್ವರೆ ಈ ಎರಡು ದೇಶಗಳಿಗೆ ಎಲ್ಲಿಂದ ಬಂದಿತೆಂದು ಕೇಳುವವರಿಗೆ ಉತ್ತರ ಇನ್ನೊಂದು ದುಃಖದಲ್ಲಿದೆ. ಎಚ್.ಐ.ವಿ. ಪಿಡುಗು ದಕ್ಷಿಣ ಆಫ್ರಿಕ ಖಂಡಭಾಗವನ್ನು ಅರೆದುಹಾಕಿದಂತೆ ಮತ್ತಾವ ನಾಡನ್ನೂ ಅರೆದಿಲ್ಲ. ಆ ವೈರಸ್ಸೂ ಅಕ್ಷರ ಬದಲಿಸುವುದರಲ್ಲಿ ಮಹಾ ಚತುರ. ಬದಲಿಸಿ ಬದಲಿಸಿ ಔಷಧಿಗೆ ಜಗ್ಗದಂತಾಗುತ್ತದೆ. ಯಾವ ರೋಗಿಯ ಮೈಯಲ್ಲಿ ಯಾವ ಔಷಧಿ ನಾಟದು ಎಂಬುದನ್ನು ತಿಳಿಯಲು ವೈರಸ್ಸಿನ ಬರಹವನ್ನು ಓದುವುದೇ ದಾರಿ. ಮೋಯೋ ಅವರು ದುಡಿಯುತ್ತಿದ್ದ ಗಾಬೊರೋನ್‌ನ ಸಂಸ್ಥೆ ೧೯೯೬ರಲ್ಲಿ ಹುಟ್ಟಿದ್ದೇ ಎಚ್.ಐ.ವಿ. ಸಂಶೋಧನೆಗಾಗಿ. ವರ್ಷಾನುಗಟ್ಟಲೆ ಆ ಲಿಪಿಯನ್ನು ಓದಿ ಪಳಗಿದ ಕಣ್ಣುಗಳಿಗೆ ಕೊರೋನಾದ ಲಿಪಿ ಹೊಸದೆನಿಸಲಿಲ್ಲ. ಶ್ರೀಮಂತ ದೇಶಗಳಲ್ಲಿ ಯಂತ್ರಗಳು ಹೆಚ್ಚಿದ್ದುವು, ದಿಟ; ಆದರೆ ಯಾವ ಓಲೆಯನ್ನು ಮೊದಲು ಎತ್ತಿಕೊಂಡು ಓದಬೇಕೆಂಬ ವಿವೇಕವನ್ನು ಯಂತ್ರದೊಂದಿಗೆ ಕೊಂಡು ತರಲು ಬರುವುದಿಲ್ಲ.

ಓದಿನಿಂದ ಇನ್ನೊಂದು ವಿಸ್ಮಯವೂ ಹೊರಬಿದ್ದಿತು. ಓಮಿಕ್ರಾನ್ ಡೆಲ್ಟಾದ ಮಗನಾಗಿರಬೇಕೆಂದು ಯಾರಾದರೂ ಎಣಿಸುತ್ತಿದ್ದರು. ಆದರೆ ಹಾಗಲ್ಲ. ಗ್ರಂಥ ಸಂಪಾದನೆಯಲ್ಲಿ ಒಂದು ಹಳೆಯ ಸೂತ್ರವುಂಟು: ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಒಂದೇ ಎಡೆಯಲ್ಲಿ ಮತ್ತೆ ಮತ್ತೆ ಇದ್ದರೆ ಅವೆರಡಕ್ಕೂ ಒಂದೇ ಮಾತೃಕೆ. ಕುಮಾರವ್ಯಾಸ ಭಾರತದ ಓಲೆಪ್ರತಿಗಳು ನಾಡಿನ ನಾನಾ ಕಡೆಗಳಲ್ಲಿ ದೊರೆತಾಗ, ಯಾವ ಪ್ರತಿ ಯಾವ ಕವಲಿಗೆ ಸೇರಿದ್ದೆಂದು ವಿಂಗಡಿಸಲು ವಿದ್ವಾಂಸರಿಗೆ ನೆರವಾಗುವುದು ಸರಿಯಾದ ಪಾಠಗಳಿಗಿಂತ ಹೆಚ್ಚಾಗಿ ಇಂಥ ತಪ್ಪು ಪಾಠಗಳೇ. ವೈರಸ್ಸಿನ ವಂಶವೃಕ್ಷವನ್ನು ಬರೆಯುವವರೂ ಇದೇ ಸೂತ್ರವನ್ನು ಹಿಡಿಯುತ್ತಾರೆ. ಗಣಕಯಂತ್ರದ ನೆರವಿರುವುದರಿಂದ ಲಕ್ಷಾಂತರ ಪ್ರತಿಗಳನ್ನು ಹೋಲಿಸುತ್ತಾರೆ, ಅಷ್ಟೆ. ಹೋಲಿಸಿ ನೋಡಿದಾಗ ಓಮಿಕ್ರಾನಿನಲ್ಲಿ ಡೆಲ್ಟಾದ ವಿಶಿಷ್ಟ ತಪ್ಪುಗಳ ಕೂಟ ಇರಲಿಲ್ಲ. ಅದರ ಕವಲು ೨೦೨೦ರ ನಡುವಿನಷ್ಟು ಹಿಂದೆಯೇ ಬೇರೆಯಾಗಿದ್ದಿತು. ನಡುವಣ ಒಂದು ವರ್ಷಕ್ಕೂ ಮಿಕ್ಕ ಕಾಲದ ಪ್ರತಿಗಳು ಭಂಡಾರದಲ್ಲಿ ಇಲ್ಲವೇ ಇಲ್ಲ. ರೋಗನಿರೋಧಶಕ್ತಿ ಕುಂದಿದ ಯಾವನೋ ಒಬ್ಬನ ಮೈಯಲ್ಲಿ ಅದು ತಿಂಗಳುಗಟ್ಟಲೆ ಅವಿತು ಬೆಳೆಯಿತೆಂಬುದು ಬಹುಮಂದಿ ತಜ್ಞರ ಊಹೆ. ಯಾರೂ ಓದದೆ ಬಿಟ್ಟ ಕಡೆಯಲ್ಲಿ ವೈರಸ್ ತನ್ನ ಪಾಡಿಗೆ ತಾನು ಬರೆದುಕೊಳ್ಳುತ್ತಲೇ ಇದ್ದಿತು.

ಈ ಓದು ವಿದ್ವತ್ತಿನ ವಿನೋದವಾಗಿರಲಿಲ್ಲ; ವೈದ್ಯನ ಕೈಯಲ್ಲಿದ್ದ ಔಷಧಿಯ ಮೇಲೆಯೂ ಅದರ ಪರಿಣಾಮವಾಯಿತು. ಅಮೆರಿಕೆಯಲ್ಲಿ ಆಗ ರೋಗ ಉಲ್ಬಣಿಸಬಹುದಾದವರಿಗೆ ಪ್ರತಿಕಾಯಗಳ ಚುಚ್ಚುಮದ್ದನ್ನು ಕೊಡುತ್ತಿದ್ದರು. ವೈರಸ್ಸಿನ ಮುಳ್ಳನ್ನು ಅವುಚಿ ಹಿಡಿದು ಅದು ಜೀವಕೋಶಕ್ಕೆ ತಗಲದಂತೆ ಮಾಡುವುದು ಆ ಮದ್ದಿನ ಕೆಲಸ. ಮುಳ್ಳೇ ಮೂವತ್ತು ಕಡೆ ಬದಲಾದಮೇಲೆ ಹಿಡಿತ ಸಿಕ್ಕುವುದೆಂತು? ಬೆಲೆಯುಳ್ಳ ಎರಡು ಬಗೆಯ ಮದ್ದುಗಳು ಓಮಿಕ್ರಾನಿನ ಮುಂದೆ ಹೆಚ್ಚುಕಡಮೆ ನೀರಿಗೆ ಸಮಾನವಾದುವು. ೨೦೨೨ರ ಜನವರಿ ೨೪ರಂದು ಅಲ್ಲಿಯ ಔಷಧಿ ನಿಯಂತ್ರಣ ಇಲಾಖೆ ಅವುಗಳ ಬಳಕೆಯನ್ನು ತಡೆಯಿತು. ರೋಗಿಯ ಹಾಸಿಗೆಯ ಬಳಿ ನಿಂತ ವೈದ್ಯನಿಗೆ ಜ್ವರವೂ ಕೆಮ್ಮೂ ಡೆಲ್ಟಾ ಯಾವುದು ಓಮಿಕ್ರಾನ್ ಯಾವುದು ಎಂಬುದನ್ನು ಹೇಳುತ್ತಿರಲಿಲ್ಲ, ಬರಹ ಹೇಳುತ್ತಿದ್ದಿತು.

ಇನ್ನು ಓದಿ ಹೇಳಿದವರಿಗೆ ದೊರೆತ ಸಂಭಾವನೆಯ ವಿಚಾರ. ೨೫ರ ರಾತ್ರಿಯೇ ಬ್ರಿಟನ್ ದೇಶವು ದಕ್ಷಿಣ ಆಫ್ರಿಕವೂ ಸೇರಿದಂತೆ ಆರು ದೇಶಗಳ ವಿಮಾನಗಳನ್ನು ತಡೆಯುವುದಾಗಿ ಸಾರಿತು. ಯೂರೋಪಿನ ದೇಶಗಳು ಹಿಂಬಾಲಿಸಿದುವು. ನವೆಂಬರ್ ೨೯ರಿಂದ ಅಮೆರಿಕೆಯು ಎಂಟು ದೇಶಗಳ ಪ್ರಯಾಣಿಕರಿಗೆ ಬಾಗಿಲು ಮುಚ್ಚಿತು. ಇಂಥ ನಿಷೇಧ ತಕ್ಕುದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ ಕೇಳಿದವರಿಲ್ಲ. ಬೇಸಗೆಯ ಪ್ರವಾಸಿಗರನ್ನೇ ನಂಬಿದ್ದ ಬಡ ಕುಟುಂಬಗಳ ಅನ್ನಕ್ಕೆ ಕಲ್ಲು ಬಿದ್ದಿತು. ಅದಕ್ಕಿಂತಲೂ ವಿಪರ್ಯಾಸದ ಸಂಗತಿಯೊಂದುಂಟು. ಜೀನೋಮ್ ಓದಲು ಬೇಕಾದ ರಾಸಾಯನಿಕಗಳು ಬರುವುದೂ ವಿಮಾನದಲ್ಲಿಯೇ. ವಿಮಾನಗಳು ನಿಂತರೆ ಆ ರಾಸಾಯನಿಕಗಳು ತೀರಿಹೋಗುತ್ತವೆ, ಓದು ನಿಲ್ಲುತ್ತದೆ ಎಂದು ಡಿ ಒಲಿವೇರಾ ಅವರು ಎಚ್ಚರಿಸಬೇಕಾಯಿತು.

ನಿಷೇಧದಿಂದ ವೈರಸ್ಸಾದರೂ ನಿಂತಿತೆ? ನವೆಂಬರ್ ೩೦ರಂದು ನೆದರ್‌ಲ್ಯಾಂಡ್ಸ್ ದೇಶದ ಆರೋಗ್ಯ ಸಂಸ್ಥೆ ತನ್ನ ಹಳೆಯ ಮಾದರಿಗಳನ್ನು ತೆರೆದು ಓದಿ, ನವೆಂಬರ್ ೧೯ ಮತ್ತು ೨೩ರಂದು ತೆಗೆದ ಮಾದರಿಗಳಲ್ಲಿಯೇ ಓಮಿಕ್ರಾನ್ ಇದ್ದುದನ್ನು ಕಂಡುಕೊಂಡಿತು. ಆಫ್ರಿಕದವರು ಜಗತ್ತಿಗೆ ಹೇಳುವ ಮೊದಲೇ ಅದು ಯೂರೋಪಿನಲ್ಲಿ ಕಾಲಿಟ್ಟಿದ್ದಿತು; ಓದಿದವರಿರಲಿಲ್ಲ, ಅಷ್ಟೆ.

ನಮ್ಮ ಬೆಂಗಳೂರಿನ ಅನುಭವವೂ ಇದಕ್ಕಿಂತ ಬೇರೆಯಲ್ಲ. ಭಾರತದ ಮೊದಲ ಇಬ್ಬರು ಓಮಿಕ್ರಾನ್ ಸೋಂಕಿತರ ಸುದ್ದಿ ೨೦೨೧ರ ಡಿಸೆಂಬರ್ ೨ರಂದು ಪ್ರಕಟವಾಯಿತು. ಇಬ್ಬರೂ ಬೆಂಗಳೂರಿನಲ್ಲಿ ಪತ್ತೆಯಾದವರು. ಒಬ್ಬರು ದಕ್ಷಿಣ ಆಫ್ರಿಕದಿಂದ ಬಂದು, ಫಲಿತಾಂಶ ಬರುವ ಮೊದಲೇ ದುಬೈಗೆ ಹೊರಟುಹೋಗಿದ್ದ ಪ್ರಯಾಣಿಕರು. ಇನ್ನೊಬ್ಬರು ನಗರದ ವೈದ್ಯರು. ಪರದೇಶಕ್ಕೆ ಹೋಗಿಬಂದವರೇ ಅಲ್ಲ. ಅವರಿಗೆ ಜ್ವರ ಬಂದದ್ದು ನವೆಂಬರ್ ೨೧ರಂದು. ಅಂದರೆ ಡಿ ಒಲಿವೇರಾ ಅವರು ಪತ್ರಕರ್ತರ ಮುಂದೆ ಕುಳಿತುಕೊಳ್ಳುವುದಕ್ಕೆ ನಾಲ್ಕು ದಿನ ಮೊದಲೇ ಓಮಿಕ್ರಾನ್ ಬೆಂಗಳೂರಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟುತ್ತಿದ್ದಿತು. ಅದನ್ನು ಗುರುತಿಸಲು ಸಾಧ್ಯವಾದದ್ದು, ಕೇಂದ್ರ ಸರಕಾರವು ೨೦೨೦ರ ಡಿಸೆಂಬರಿನಲ್ಲಿ ಇನ್ಸಾಕಾಗ್ ಎಂಬ ಪ್ರಯೋಗಶಾಲೆಗಳ ಕೂಟವನ್ನು ಕಟ್ಟಿದ್ದುದರಿಂದ. ಮೊದಲು ಅದರಲ್ಲಿದ್ದುದು ಹತ್ತು ಪ್ರಯೋಗಶಾಲೆಗಳು. ನಿಮ್ಹಾನ್ಸ್ ಸಂಸ್ಥೆಯಂತಹ ಬೆಂಗಳೂರಿನ ಹಿರಿಯ ಕೇಂದ್ರಗಳಿಗೂ ಅದರಲ್ಲಿ ಸ್ಥಾನವಿದ್ದಿತು. ಮುಂದೆ ಬೆಂಗಳೂರಿನ ವಿಜ್ಞಾನಿಗಳು ನಗರದ ಕೊಳಚೆನೀರಿನ ಶುದ್ಧೀಕರಣ ಘಟಕಗಳಿಂದ ನೀರು ತಂದು, ಅದರಲ್ಲಿ ತೇಲಿಬರುವ ವೈರಸ್ಸಿನ ಚೂರುಗಳನ್ನೂ ಓದತೊಡಗಿದರು. ಪರೀಕ್ಷೆಗೆ ಒಡ್ಡಿಕೊಳ್ಳದ ಮನೆಯವರ ಸುದ್ದಿಯನ್ನೂ ಆ ನೀರು ತರುತ್ತದೆ. ಯಾರ ಮನೆಯದೆಂದು ಮಾತ್ರ ಹೇಳುವುದಿಲ್ಲ. ಚಾಡಿಕೋರರಲ್ಲಿ ಇಷ್ಟು ಮರ್ಯಾದೆ ಅಪರೂಪ!

ಅಮೆರಿಕೆಯು ತನ್ನ ನಿಷೇಧವನ್ನು ತೆಗೆದುಹಾಕಿದ್ದು ಆ ವರ್ಷದ ಡಿಸೆಂಬರ್ ೩೧ರಂದು. ಅಷ್ಟರಲ್ಲಿ ಆ ದೇಶದ ಹೊಸ ಸೋಂಕು ಬಹುತೇಕ ಓಮಿಕ್ರಾನಿನದೇ ಆಗಿದ್ದಿತು. ಮೂರನೆಯ ಗುರುತು ಕಾಣೆಯಾದರೆ ಓಮಿಕ್ರಾನ್ ಎಂದು ಜಗತ್ತಿನ ಪ್ರಯೋಗಶಾಲೆಗಳೆಲ್ಲ ಕಲಿತುಕೊಂಡಿದ್ದುವು. ಆ ಪಾಠ ಬಾಯಿಗೆ ಬರುವಷ್ಟರಲ್ಲಿ ವೈರಸ್ ಪುಟ ಮಗುಚಿತು. ೨೦೨೨ರ ಮೊದಲ ತಿಂಗಳುಗಳಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ತಲೆಯೆತ್ತಿದ ಓಮಿಕ್ರಾನಿನ ದಾಯಾದಿಯಲ್ಲಿ, ಬಿಎ-೨ ಎಂಬುದರಲ್ಲಿ, ಆ ಆರು ಅಕ್ಷರಗಳು ಮತ್ತೆ ಸ್ವಸ್ಥಾನದಲ್ಲಿದ್ದುವು. ಮೂರು ಗುರುತುಗಳೂ ಮೂಡಿದುವು. ಸುಲಭದ ಗುರುತನ್ನೇ ನೆಚ್ಚಿದವರು ಅದನ್ನು ಹಳೆಯ ಡೆಲ್ಟಾ ಎಂದು ತಿಳಿದು ಮೋಸಹೋದರು. 'ಕಳ್ಳಹೆಜ್ಜೆಯ ಓಮಿಕ್ರಾನ್' ಎಂದು ಪತ್ರಿಕೆಗಳು ಅದನ್ನು ಹೆಸರಿಸಿದುವು. ವೈರಸ್ಸಿನ ಹೆಜ್ಜೆಯಲ್ಲಿ ಕಳ್ಳತನವೇನಿರಲಿಲ್ಲ. ಓದುಗನು ಎರಡು ಸಾಲು ನೋಡಿ ಪುಸ್ತಕ ಮುಚ್ಚಿದ್ದನು. ಪೂರ್ತಿ ಓದಿದವರ ಕಣ್ಣಿಗೆ ಅದು ಬೀಳದೆ ಹೋಗಲಿಲ್ಲ.

ಕೆಲವೇ ತಿಂಗಳು ಹಿಂದೆ ಪೆಟ್ಟು ತಿಂದಿದ್ದ ದಕ್ಷಿಣ ಆಫ್ರಿಕದ ತಂಡವೂ ಓದುವುದನ್ನು ಬಿಟ್ಟಿರಲಿಲ್ಲ. ಬಿಎ-೨ ಅಲ್ಲಿ ವ್ಯಾಪಿಸಿ, ಮೂರು ಗುರುತುಗಳೂ ನಿತ್ಯವೂ ಮೂಡುತ್ತಿದ್ದ ದಿನಗಳಲ್ಲಿ, ಕೆಲವು ಮಾದರಿಗಳಲ್ಲಿ ಮೂರನೆಯದು ಮತ್ತೆ ಕಾಣೆಯಾಯಿತು. ಆ ಮಾದರಿಗಳನ್ನು ಎತ್ತಿಕೊಂಡು ಓದಿದರು. ೨೦೨೨ರ ಏಪ್ರಿಲಿನಲ್ಲಿ ಬಿಎ-೪, ಬಿಎ-೫ ಎಂಬ ಎರಡು ಹೊಸ ಕವಲುಗಳ ಸುದ್ದಿಯನ್ನು ಡಿ ಒಲಿವೇರಾ ಮತ್ತು ಅವರ ಸಂಗಡಿಗರು ಮೊದಲಿನಂತೆಯೇ ಬಹಿರಂಗವಾಗಿ ಜಗತ್ತಿಗೆ ತಿಳಿಸಿದರು. ಈ ಸಲ ಬ್ರಿಟನ್ನಾಗಲಿ ಅಮೆರಿಕೆಯಾಗಲಿ ಅವರ ವಿಮಾನಗಳನ್ನು ತಡೆಯಲಿಲ್ಲ.